ಕೊನೆಯ ಕಂತಿನ ಮರುದಿನ: ಸಾಲ ತೀರಿಸಿದವರು ಬೇಗ ನಿವೃತ್ತಿಗೆ ಹಣ ಕೂಡಿಸುವುದು ಹೇಗೆ?

ನಮ್ಮ ಮನೆ ಸಾಲದ ಕೊನೆಯ ಕಂತು ಹೋದದ್ದು 2022ರ ಏಪ್ರಿಲ್ 5ಕ್ಕೆ. ಒಂಬತ್ತು ವರ್ಷ ಪ್ರತಿ 5ನೇ ತಾರೀಕು ಖಾತೆಯಿಂದ 28,000 ರೂಪಾಯಿ ಹೋಗುತ್ತಿತ್ತು. ಅವತ್ತು ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆವು. ನಾಲ್ಕು ತಿಂಗಳಾದ ಮೇಲೆ ಪಾಸ್‌ಬುಕ್ ನೋಡಿದೆ. 1,12,000 ಜಾಸ್ತಿ ಇರಬೇಕಿತ್ತು, ಅಲ್ವಾ? ಇದ್ದದ್ದು 19,000. ಹಾಳು ಮಾಡಿದ್ದೇನೂ ಇಲ್ಲ. ಹೊಸ ಫ್ರಿಜ್ ಬಂದಿತ್ತು. ಎರಡು ಮದುವೆಗೆ ಮುಯ್ಯಿ ಸ್ವಲ್ಪ ಧಾರಾಳವಾಗಿ ಹೋಗಿತ್ತು. ಮಿಕ್ಕದ್ದು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ.

ಆ ನಾಲ್ಕು ತಿಂಗಳು ನನಗೆ ಒಂದು ವಿಷಯ ಕಲಿಸಿದವು. ಸಾಲ ಕಟ್ಟುವಷ್ಟು ದಿನ ನಾವು ಒಳ್ಳೆಯ ಉಳಿತಾಯಗಾರರೇ ಆಗಿದ್ದೆವು, ಆ ಹಣ ಬ್ಯಾಂಕಿಗೆ ಹೋಗುತ್ತಿತ್ತು ಅಷ್ಟೇ. ಅದೇ ಮೊತ್ತ ಅದೇ ತಾರೀಕಿಗೆ ನಮ್ಮ ಹೆಸರಿಗೇ ಹೋಗುವ ಹಾಗೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಹೊಸದಾಗಿ ಶಿಸ್ತು ಕಲಿಯಬೇಕಾಗಿಲ್ಲ. ಇರುವ ಶಿಸ್ತು ಕರಗದಂತೆ ನೋಡಿಕೊಳ್ಳಬೇಕು.

ನಾನೂ ನನ್ನ ಹೆಂಡತಿಯೂ ಮೈಸೂರಿನಲ್ಲಿ ಖಾಸಗಿ ಕೆಲಸದಲ್ಲಿದ್ದೇವೆ. ಸಾಲ ತೀರಿದಾಗ ನನಗೆ 38. 52ಕ್ಕೆ ಸಂಬಳದ ಕೆಲಸ ಬಿಡಬೇಕು ಎನ್ನುವುದು ನಮ್ಮ ಆಸೆ. ಕೆಳಗೆ ಕೊಟ್ಟಿರುವುದು ನಮ್ಮ ಮನೆಯ ಲೆಕ್ಕ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ದಾರಿ ಮಾತ್ರ ಇದೇ.

ಹೆಜ್ಜೆ 1: ಸಾಲ ಕಾಗದದಲ್ಲೂ ತೀರಲಿ

ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಸಾಲ ಮುಗಿಯುವುದಿಲ್ಲ. ಇದನ್ನು ತುಂಬಾ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹತ್ತು ವರ್ಷದ ನಂತರ ಮನೆ ಮಾರಲು ಹೋದಾಗ ತಲೆನೋವು ಶುರುವಾಗುತ್ತದೆ.

ಮನೆ ಸಾಲವಾದರೆ ಬ್ಯಾಂಕಿನಿಂದ ಎರಡು ಬರಬೇಕು: ಬಾಕಿ ಇಲ್ಲ ಎನ್ನುವ ಪತ್ರ ಮತ್ತು ನೀವು ಕೊಟ್ಟಿದ್ದ ಮೂಲ ದಾಖಲೆಗಳು. ನಮ್ಮನ್ನು ಎರಡು ತಿಂಗಳು ಓಡಾಡಿಸಿದರು. ಈಗ ಹಾಗೆ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ತಂದಿದೆ, ಆ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು. ತಡವಾದದ್ದು ಬ್ಯಾಂಕಿನ ತಪ್ಪಿನಿಂದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕಾಗದ ಕೈಗೆ ಬಂದಾಗ ಅಲ್ಲೇ ಕೂತು, ಸಾಲ ಪಡೆಯುವಾಗ ಕೊಟ್ಟ ಪಟ್ಟಿಯ ಜೊತೆ ಒಂದೊಂದನ್ನೇ ತಾಳೆ ನೋಡಿ.

ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ತಾಣದಲ್ಲಿ ಇಸಿ, ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ, ತೆಗೆಯಿರಿ. ಸಾಲ ಕೊಡುವಾಗ ಬ್ಯಾಂಕು ಅಡಮಾನವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದರೆ ಅದು ಇಸಿಯಲ್ಲಿ ಕಾಣುತ್ತದೆ. ಅದರ ಬಿಡುಗಡೆಯೂ ಅಲ್ಲೇ ನೋಂದಣಿ ಆಗಬೇಕು. ತಾನಾಗಿಯೇ ಅಳಿಸಿಹೋಗುವುದಿಲ್ಲ.

ಗಾಡಿ ಸಾಲವಾದರೆ ಫಾರಂ 35 ಪಡೆದು ಆರ್‌ಟಿಒದಲ್ಲಿ ಆರ್‌ಸಿಯಿಂದ ಸಾಲ ಕೊಟ್ಟವರ ಹೆಸರು ತೆಗೆಸಿ. ಜಮೀನಿನ ಮೇಲಿನ ಸಾಲವಾದರೆ ಪಹಣಿಯ 11ನೇ ಕಾಲಂನಲ್ಲಿ ಋಣ ಇಳಿದಿದೆಯೇ ನೋಡಿ. ಕೈಸಾಲವಾದರೆ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಏನೇ ಕೊಟ್ಟಿದ್ದರೂ ವಾಪಸ್ ಪಡೆಯಿರಿ. ಎಷ್ಟೇ ನಂಬಿಕಸ್ಥರಾದರೂ ಸರಿ, ಅವರ ಮಕ್ಕಳ ಕಾಲಕ್ಕೆ ಆ ಚೆಕ್ಕು ಯಾರ ಕೈಯಲ್ಲಿರುತ್ತದೋ ಹೇಳಲಾಗದು. ಎರಡು ತಿಂಗಳು ಬಿಟ್ಟು, ನಿಮ್ಮ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿ ತೆಗೆದು, ಸಾಲ ‘ಮುಚ್ಚಿದೆ’ ಎಂದು ಬಂದಿದೆಯೇ ನೋಡಿ. ಕೆಲವೊಮ್ಮೆ ‘ಸೆಟಲ್ಡ್’ ಎಂದು ಬರುತ್ತದೆ. ಅದು ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವರಿಗೆ ಹಾಕುವ ಮಾತು. ಹಾಗಿದ್ದರೆ ತಿದ್ದಿಸಿ.

ಹೆಜ್ಜೆ 2: ಅದೇ ತಾರೀಕು, ಅದೇ ಮೊತ್ತ

ಸಾಲದ ಕಂತು 5ನೇ ತಾರೀಕು ಹೋಗುತ್ತಿತ್ತೇ? ಮುಂದಿನ 5ನೇ ತಾರೀಕಿನಿಂದಲೇ ಆ ಮೊತ್ತ ಬೇರೆ ಬ್ಯಾಂಕಿನ ಇನ್ನೊಂದು ಖಾತೆಗೆ ತಾನಾಗಿ ಹೋಗುವಂತೆ ಮಾಡಿ. ಎಲ್ಲಿ ಹೂಡಬೇಕು ಎಂದು ಇನ್ನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಮೊದಲು ಹಣ ಕಣ್ಣಿನಿಂದ ಮರೆಯಾಗಲಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ, ಡೆಬಿಟ್ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ.

‘ಇಷ್ಟು ವರ್ಷ ಕಷ್ಟಪಟ್ಟಿದ್ದೇವೆ, ಸ್ವಲ್ಪ ಆರಾಮಾಗಿ ಇರೋಣ’ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಅದು ತಪ್ಪಲ್ಲ. ನಾವು ಎರಡನೇ ಸಲ ಶುರು ಮಾಡಿದಾಗ ಮೊದಲ ತಿಂಗಳ 28,000ವನ್ನು ಪೂರ್ತಿ ಮನೆಗೆ ಬಿಟ್ಟೆವು. ಕೇರಳಕ್ಕೆ ಹೋಗಿ ಬಂದೆವು. ಎರಡನೇ ತಿಂಗಳಿನಿಂದ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಆಸೆಗೆ ಒಂದು ತಿಂಗಳು ಕೊಟ್ಟದ್ದು ಒಳ್ಳೆಯದೇ ಆಯಿತು.

ಹೆಜ್ಜೆ 3: ಆಪತ್ತಿನ ಹಣ ಮತ್ತು ವಿಮೆ

ಮೊದಲ ಎಂಟು–ಹತ್ತು ತಿಂಗಳ ಕಂತಿನ ಹಣ ಷೇರಿಗೂ ಬೇಡ, ಮ್ಯೂಚುವಲ್ ಫಂಡಿಗೂ ಬೇಡ. ಆರು ತಿಂಗಳ ಮನೆ ಖರ್ಚು ಎಫ್‌ಡಿಯಲ್ಲಿ ಕೂರಲಿ. ನಮಗೆ ಅದು 2,40,000. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ ವಿಮೆ ಇದೆ, ಅಸಲು ಬಡ್ಡಿ ಎರಡೂ ಸೇರಿ. ಶೇ ಅರ್ಧ ಬಡ್ಡಿ ಜಾಸ್ತಿ ಸಿಗುತ್ತದೆಂದು ಪೂರ್ತಿ ಗಂಟನ್ನು ಒಂದೇ ಸಹಕಾರಿ ಬ್ಯಾಂಕಿನಲ್ಲಿ ಇಡುವವರು ಇದನ್ನು ಮರೆಯಬಾರದು. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆಯೂ ಇಲ್ಲ.

ಆರೋಗ್ಯ ವಿಮೆಯನ್ನು ಆಫೀಸಿನವರು ಕೊಟ್ಟಿದ್ದಾರೆ ಎಂದು ಸುಮ್ನೆ ಕೂರಬೇಡಿ. ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. 52ನೇ ವಯಸ್ಸಿಗೆ, ಬಿಪಿ ಶುಗರ್ ಬಂದ ಮೇಲೆ, ಹೊಸ ಪಾಲಿಸಿ ಕೇಳಿದರೆ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ನಲವತ್ತರೊಳಗೆ ಸ್ವಂತ ಪಾಲಿಸಿ ಮಾಡಿಸಿ ಪ್ರತಿ ವರ್ಷ ತಪ್ಪದೆ ನವೀಕರಿಸಿ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ತೆಗೆದುಕೊಳ್ಳುವ ಆರೋಗ್ಯ ವಿಮೆ, ಜೀವ ವಿಮೆಗಳ ಕಂತಿಗೆ ಜಿಎಸ್‌ಟಿ ಇಲ್ಲ. ಬೇಗ ನಿವೃತ್ತಿಯ ಆಸೆ ಇರುವವರಿಗೆ ಇದಕ್ಕಿಂತ ಮುಖ್ಯವಾದ ಖರ್ಚು ಇಲ್ಲ ಎಂದು ನಾನು ನಂಬುತ್ತೇನೆ. ಒಂದು ಆಪರೇಷನ್ ಸಾಕು, ಐದು ವರ್ಷದ ಉಳಿತಾಯ ಹೋಗಲು.

ಜೀವ ವಿಮೆಗೆ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ಹಣ ಕೊಡುವ ಪಾಲಿಸಿ, ಸಾಕು. ವಿಮೆಯನ್ನೂ ಉಳಿತಾಯವನ್ನೂ ಕಲಸಬೇಡಿ.

ಹೆಜ್ಜೆ 4: ಒಂದು ವರ್ಷದ ಖರ್ಚು ಬರೆಯಿರಿ

ಬೇಗ ನಿವೃತ್ತಿಯ ಲೆಕ್ಕ ನಿಮ್ಮ ಸಂಬಳದಿಂದ ಶುರುವಾಗುವುದಿಲ್ಲ. ನಿಮ್ಮ ಖರ್ಚಿನಿಂದ ಶುರುವಾಗುತ್ತದೆ. ತಿಂಗಳಿಗೆ ಒಂದು ಸಾವಿರ ಖರ್ಚು ಕಡಿಮೆಯಾದರೆ ಎರಡು ಕಡೆ ಲಾಭ. ಆ ಸಾವಿರ ಉಳಿತಾಯಕ್ಕೆ ಸೇರುತ್ತದೆ, ಕೂಡಿಸಬೇಕಾದ ಗಂಟೂ ಚಿಕ್ಕದಾಗುತ್ತದೆ.

ನಮ್ಮ ಮನೆ ತಿಂಗಳಿಗೆ 30,000ದಲ್ಲಿ ನಡೆಯುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. 12 ತಿಂಗಳು ಬರೆದು ನೋಡಿದರೆ ಸರಾಸರಿ 40,000. ಆ ಹತ್ತು ಸಾವಿರ ಎಲ್ಲಿತ್ತು? ವರ್ಷಕ್ಕೆ ಒಮ್ಮೆ ಬರುವ ಖರ್ಚುಗಳಲ್ಲಿ. ಮನೆ ಕಂದಾಯ, ವಿಮೆ ಕಂತು, ಗೌರಿ ಗಣೇಶ, ದಸರೆಗೆ ಬರುವ ನೆಂಟರು, ಊರ ಜಾತ್ರೆ, ಗಾಡಿ ರಿಪೇರಿ, ಮುಯ್ಯಿ, ಅಮ್ಮನ ಔಷಧಿ. ಒಂದೇ ತಿಂಗಳು ಬರೆದರೆ ಇವು ಸಿಗುವುದೇ ಇಲ್ಲ. ಅದಕ್ಕೇ ಒಂದು ವರ್ಷ ಬರೆಯಬೇಕು. ಆ್ಯಪ್ ಬೇಕಿಲ್ಲ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಸಾಕು.

ಮಕ್ಕಳ ಶಾಲೆ ಫೀಸನ್ನು ಇದರಲ್ಲಿ ಸೇರಿಸಬೇಡಿ. ಅದಕ್ಕೆ ಬೇರೆ ಗಂಟು ಇರಲಿ. ನಾವು ಮಗಳಿಗೆ ಸುಕನ್ಯಾ ಸಮೃದ್ಧಿ, ಅಂದರೆ ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರಿ ಉಳಿತಾಯ ಖಾತೆ, ಮಾಡಿದ್ದೇವೆ. ಮಗಳಿಗೆ 10 ವರ್ಷ ತುಂಬುವ ಮೊದಲು ಖಾತೆ ತೆರೆಯಬೇಕು, ವರ್ಷಕ್ಕೆ 1.5 ಲಕ್ಷದವರೆಗೆ ಹಾಕಬಹುದು.

ಹೆಜ್ಜೆ 5: ಎಷ್ಟು ಹಣ ಸಾಕು?

1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಒಂದು ಲೆಕ್ಕ ಮಾಡಿದರು. ನಿವೃತ್ತಿಯ ಮೊದಲ ವರ್ಷ ಗಂಟಿನ ಶೇ 4ರಷ್ಟು ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆ ಏರಿದಷ್ಟು ಜಾಸ್ತಿ ತೆಗೆಯುತ್ತಾ ಹೋದರೆ ಹಣ 30 ವರ್ಷ ಬಾಳುತ್ತದೆ ಎಂಬುದು ಅದರ ಸಾರ. ಅಂದರೆ ವರ್ಷದ ಖರ್ಚಿನ 25 ಪಟ್ಟು ಬೇಕು. ಬೇಗ ನಿವೃತ್ತಿಯ ಬಗ್ಗೆ ಮಾತಾಡುವವರೆಲ್ಲ ಈ 25ನ್ನು ಹೇಳುತ್ತಾರೆ.

ನಾವು ಇದನ್ನು ಹಾಗೇ ತೆಗೆದುಕೊಳ್ಳಬಾರದು. ಅದು ಅಮೆರಿಕದ ಷೇರು, ಅಲ್ಲಿನ ಬಾಂಡು, ಅಲ್ಲಿನ ಬೆಲೆ ಏರಿಕೆಯ ಲೆಕ್ಕ. ಅದೂ 30 ವರ್ಷಕ್ಕೆ ಮಾತ್ರ ಮಾಡಿದ ಲೆಕ್ಕ. 52ಕ್ಕೆ ಕೆಲಸ ಬಿಟ್ಟವರು 90ರ ತನಕ ಬದುಕಿದರೆ 38 ವರ್ಷವಾಯಿತು. ಅದಕ್ಕೇ ನಾನು ಐವತ್ತರ ಆಸುಪಾಸು ಬಿಡುವವರಿಗೆ 33 ಪಟ್ಟು, 55ಕ್ಕೆ ಬಿಡುವವರಿಗೆ 30 ಪಟ್ಟು ಇಟ್ಟುಕೊಂಡಿದ್ದೇನೆ.

ಈಗ ನಮ್ಮ ಲೆಕ್ಕ. ಖರ್ಚು ತಿಂಗಳಿಗೆ 40,000. ಬೆಲೆಗಳು ವರ್ಷಕ್ಕೆ ಶೇ 6 ಏರುತ್ತವೆ ಎಂದುಕೊಂಡರೆ 14 ವರ್ಷದಲ್ಲಿ ಇದೇ ಬದುಕಿಗೆ ತಿಂಗಳಿಗೆ ಸುಮಾರು 90,000 ಬೇಕು. ವರ್ಷಕ್ಕೆ 10.85 ಲಕ್ಷ. ಅದರ 33 ಪಟ್ಟು 3.58 ಕೋಟಿ. ಈ ಅಂಕಿ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಕಡೆ ಏನಿದೆ? ಇಬ್ಬರ ಪಿಎಫ್ (ಸಂಬಳದಿಂದ ಕಡಿತವಾಗುವ ಭವಿಷ್ಯ ನಿಧಿ), ಪಿಪಿಎಫ್ (ಯಾರು ಬೇಕಾದರೂ ತೆರೆಯಬಹುದಾದ ಸಾರ್ವಜನಿಕ ಭವಿಷ್ಯ ನಿಧಿ) ಸೇರಿ 14 ಲಕ್ಷ ಇತ್ತು. ಶೇ 8ರಂತೆ ಅದು 14 ವರ್ಷದಲ್ಲಿ 41 ಲಕ್ಷ ಆಗುತ್ತದೆ. ಪ್ರತಿ ತಿಂಗಳು ಪಿಎಫ್‌ಗೆ ಹೊಸದಾಗಿ ಸೇರುವ 12,000, ಸಂಬಳದ ಜೊತೆ ವರ್ಷಕ್ಕೆ ಶೇ 6 ಏರಿದರೆ ಇನ್ನೊಂದು 50 ಲಕ್ಷ. ಸಾಲದ ಕಂತಿನ 28,000ವನ್ನು ಎಸ್‌ಐಪಿ ಮಾಡಿ, ಅಂದರೆ ಪ್ರತಿ ತಿಂಗಳು ತಾನಾಗಿ ಮ್ಯೂಚುವಲ್ ಫಂಡಿಗೆ ಹೋಗುವಂತೆ ಮಾಡಿ, ಪ್ರತಿ ವರ್ಷ ಶೇ 8 ಏರಿಸಿ, ಶೇ 11 ಬೆಳೆದರೆ 1.61 ಕೋಟಿ. ಒಟ್ಟು 2.52 ಕೋಟಿ. ಶೇ 11 ಎನ್ನುವುದು ನನ್ನ ಅಂದಾಜು, ಯಾರೂ ಕೊಟ್ಟ ಭರವಸೆ ಅಲ್ಲ.

ಅಂದರೆ 1.06 ಕೋಟಿ ಕಡಿಮೆ. ಇಲ್ಲಿಗೆ ಬಂದು ತುಂಬಾ ಜನ ಕೈಚೆಲ್ಲುತ್ತಾರೆ. ದಯವಿಟ್ಟು ಕೈಚೆಲ್ಲಬೇಡಿ, ಲೆಕ್ಕವನ್ನು ಇನ್ನೆರಡು ರೀತಿ ಮಾಡಿ ನೋಡಿ.

ಮೊದಲನೆಯದು, 52ರ ಬದಲು 55. ಮೂರೇ ವರ್ಷ ಜಾಸ್ತಿ. 30 ಪಟ್ಟಿನ ಲೆಕ್ಕದಲ್ಲಿ ಬೇಕಾಗುವುದು 3.88 ಕೋಟಿ. ಅದೇ ಉಳಿತಾಯ 17 ವರ್ಷ ನಡೆದರೆ ಆಗುವುದು 3.85 ಕೋಟಿ. ಹೆಚ್ಚುಕಮ್ಮಿ ಮುಟ್ಟಿದೆವು. ಚಕ್ರಬಡ್ಡಿಯ ಕೊನೆಯ ವರ್ಷಗಳಿಗೆ ಇಷ್ಟು ಶಕ್ತಿ ಇದೆ.

ಎರಡನೆಯದು, 52ಕ್ಕೇ ಕೆಲಸ ಬಿಟ್ಟು, ಇಷ್ಟವಾದ ಸಣ್ಣ ಕೆಲಸದಿಂದ ಇವತ್ತಿನ ಬೆಲೆಯಲ್ಲಿ ತಿಂಗಳಿಗೆ 15,000 ದುಡಿಯುವುದು. ಆಗ ಗಂಟಿನಿಂದ ಬೇಕಾಗುವುದು 25,000 ಮಾತ್ರ, ಅದರ 33 ಪಟ್ಟು 2.24 ಕೋಟಿ. ನಮ್ಮ ಹತ್ತಿರ 2.52 ಕೋಟಿ ಇರುತ್ತದೆ. 60ರ ತನಕ ಹೀಗೆ ನಡೆದರೆ ಗಂಟು ಬಹುಪಾಲು ಹಾಗೇ ಉಳಿಯುತ್ತದೆ. ನನ್ನ ಹೆಂಡತಿ ಮಕ್ಕಳಿಗೆ ಗಣಿತ ಹೇಳಿಕೊಡಬೇಕೆಂದಿದ್ದಾಳೆ. ನನಗೆ ನಂಜನಗೂಡಿನ ಹತ್ತಿರ ಅಪ್ಪನ ಒಂದೂವರೆ ಎಕರೆ ಇದೆ. ನಾವು ಆರಿಸಿಕೊಂಡದ್ದು ಈ ಎರಡನೇ ದಾರಿ.

ಹೆಜ್ಜೆ 6: ಹಣ ಎಲ್ಲಿಡಬೇಕು?

ನನ್ನ ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು, ಅಕ್ಕಿ ಡಬ್ಬಿಯ ತಳದಲ್ಲಿ ಒಂದಿಷ್ಟು ದುಡ್ಡು ಇಡುತ್ತಿದ್ದರು. ಸಾಸಿವೆ ಡಬ್ಬಿಯದು ತರಕಾರಿಗೆ, ಅಕ್ಕಿ ಡಬ್ಬಿಯದು ಆಪತ್ತಿಗೆ. ಟ್ರಂಕಿನಲ್ಲಿ ಇದ್ದದ್ದನ್ನು ಯಾರೂ ಮುಟ್ಟುವಂತಿರಲಿಲ್ಲ. ನಮ್ಮ ಹಂಚಿಕೆಯೂ ಹೀಗೇ ಇದೆ.

ಅಕ್ಕಿ ಡಬ್ಬಿ ಎಂದರೆ ಪಿಎಫ್ ಮತ್ತು ಪಿಪಿಎಫ್. ಪಿಎಫ್‌ಗೆ 2024–25ರಲ್ಲಿ ಶೇ 8.25 ಬಡ್ಡಿ ಕೊಟ್ಟಿದ್ದಾರೆ. ಕೆಲಸ ಬದಲಿಸಿದಾಗ ಪಿಎಫ್ ಹಣ ಬಿಡಿಸಿಕೊಳ್ಳಬೇಡಿ, ವರ್ಗಾಯಿಸಿ. ನನ್ನ 26ನೇ ವಯಸ್ಸಿನಲ್ಲಿ 61,000 ಬಿಡಿಸಿಕೊಂಡು ಬೈಕ್ ಕೊಂಡೆ. ಅದು ಇದ್ದಿದ್ದರೆ 52ಕ್ಕೆ ಎಷ್ಟಾಗುತ್ತಿತ್ತು ಎಂದು ನೆನೆದರೆ ಈಗಲೂ ಬೇಜಾರಾಗುತ್ತದೆ. ಸ್ವಂತ ಇಚ್ಛೆಯಿಂದ ಪಿಎಫ್‌ಗೆ ಜಾಸ್ತಿಯೂ ಕಟ್ಟಬಹುದು. ಆದರೆ ನಿಮ್ಮ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. ಪಿಪಿಎಫ್‌ಗೆ 2020ರ ಏಪ್ರಿಲ್‌ನಿಂದ ಶೇ 7.1 ಬಡ್ಡಿ ಇದೆ. ವರ್ಷಕ್ಕೆ 1.5 ಲಕ್ಷ ಮಿತಿ, 15 ವರ್ಷ ಅವಧಿ, ಬಡ್ಡಿಗೆ ತೆರಿಗೆ ಇಲ್ಲ. ತಿಂಗಳ 5ರೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. ಅವಧಿ ಮುಗಿದ ಮೇಲೆ ಐದೈದು ವರ್ಷ ಮುಂದುವರಿಸಬಹುದು. ಬೇಗ ನಿವೃತ್ತಿಗೆ ಹೊಂದುವ ಯೋಜನೆ ಇದು, ಏಕೆಂದರೆ 60 ತುಂಬಲಿ ಎಂದು ಕಾಯಬೇಕಾಗಿಲ್ಲ.

ಟ್ರಂಕು ಎಂದರೆ ಷೇರು. ನಾನು ಒಂದೊಂದು ಕಂಪನಿಯನ್ನು ಆರಿಸಲು ಹೋಗುವುದಿಲ್ಲ. ನಿಫ್ಟಿ 50 ಇಂಡೆಕ್ಸ್ ಫಂಡ್‌ನಲ್ಲಿ ದೇಶದ 50 ದೊಡ್ಡ ಕಂಪನಿಗಳು ಇರುತ್ತವೆ. ಅದರ ಡೈರೆಕ್ಟ್ ಪ್ಲಾನ್ ತೆಗೆದುಕೊಂಡರೆ ಮಧ್ಯವರ್ತಿಯ ಕಮಿಷನ್ ಇಲ್ಲ. 2013ರ ಜನವರಿಯಿಂದ ಎಲ್ಲ ಫಂಡುಗಳಲ್ಲೂ ಈ ಸೌಲಭ್ಯ ಇದೆ. ಶೇ 1 ಕಮಿಷನ್ ಸಣ್ಣದು ಅನ್ನಿಸುತ್ತದೆ. ಮೇಲಿನ ಎಸ್‌ಐಪಿ ಲೆಕ್ಕದಲ್ಲಿ ಶೇ 11ರ ಬದಲು 10 ಹಾಕಿ ನೋಡಿ, 14 ವರ್ಷದಲ್ಲಿ 10 ಲಕ್ಷ ಕಡಿಮೆಯಾಗುತ್ತದೆ.

ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ, ಬಗ್ಗೆ ಒಂದು ಎಚ್ಚರಿಕೆ. ಅದನ್ನು ನಡೆಸಲು ಹಿಡಿಯುವ ಖರ್ಚು ಕಡಿಮೆ, ಒಳ್ಳೆಯ ಯೋಜನೆಯೇ. ಆದರೆ ಅದನ್ನು ಮುಖ್ಯವಾಗಿ 60 ದಾಟಿದವರ ಪಿಂಚಣಿಗೆ ಎಂದು ಕಟ್ಟಿದ್ದಾರೆ. ಅವಧಿಗೆ ಮುಂಚೆ ಬಿಟ್ಟರೆ ಹಣದ ದೊಡ್ಡ ಪಾಲು ಪಿಂಚಣಿ ಕೊಳ್ಳಲು ಹೋಗುತ್ತದೆ. ನಿಯಮಗಳೂ ಆಗಾಗ ಬದಲಾಗುತ್ತವೆ. ಹಣ ಹಾಕುವ ಮುಂಚೆ ಹೊರಗೆ ಬರುವ ನಿಯಮ ಓದಿ. 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದ ನಮ್ಮ ರಾಜ್ಯ ಸರ್ಕಾರಿ ನೌಕರರಿಗಂತೂ ಇದು ಕಡ್ಡಾಯವಾಗಿ ಬಂದದ್ದು. ಅವರು ಬೇಗ ಬಿಡುವ ಆಸೆ ಇದ್ದರೆ ಪಿಪಿಎಫ್ ಮತ್ತು ಫಂಡಿನಲ್ಲಿ ಬೇರೆಯಾಗಿ ಕೂಡಿಸಲೇಬೇಕು.

ಚೀಟಿ? ನೋಂದಾಯಿತ ಚೀಟಿಯಲ್ಲೂ ನಡೆಸುವವರು ಶೇ 7ರವರೆಗೆ ಕಮಿಷನ್ ತೆಗೆದುಕೊಳ್ಳಬಹುದು. ಅಂಗಡಿ ಇಟ್ಟವರಿಗೆ ಒಟ್ಟಿಗೆ ಹಣ ಸಿಗಲು ಅದು ಉಪಯೋಗ. ನಿವೃತ್ತಿಗೆ ಕೂಡಿಸಲು ಅಲ್ಲ. ಪಕ್ಕದ ಬೀದಿಯಲ್ಲಿ ಬಾಯಿಮಾತಿನಲ್ಲಿ ನಡೆಯುವ ಚೀಟಿಯಂತೂ ಬೇಡವೇ ಬೇಡ.

ಚಿನ್ನ ಮನೆಯಲ್ಲಿ ಇರುವುದು ಸಾಕು.

ಇನ್ನು ಸೈಟು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸಾಲ ತೀರಿಸಿದವರ ಮನೆಗೆ ಮೊದಲು ಬರುವ ಸಲಹೆಯೇ ‘ರಿಂಗ್ ರೋಡ್ ಆಚೆ ಒಂದು ಸೈಟು ಹಾಕಿಬಿಡಿ’. ಅದಕ್ಕೆ ಮತ್ತೆ ಸಾಲ. ಒಂಬತ್ತು ವರ್ಷದ ಬಳಿಕ ಇಳಿಸಿದ ಹೊರೆಯನ್ನು ಒಂಬತ್ತೇ ದಿನದಲ್ಲಿ ಮತ್ತೆ ಹೊತ್ತುಕೊಂಡವರನ್ನು ನಾನು ನೋಡಿದ್ದೇನೆ. ಸೈಟಿನ ಬೆಲೆ ಏರಬಹುದು. ಆದರೆ 52ನೇ ವಯಸ್ಸಿನಲ್ಲಿ ಪ್ರತಿ ತಿಂಗಳು 90,000 ಬೇಕಾದಾಗ ಸೈಟಿನ ಒಂದು ಮೂಲೆಯನ್ನು ಮಾತ್ರ ಮಾರಲಾಗುವುದಿಲ್ಲ. ಬಾಡಿಗೆಯೂ ಬರುವುದಿಲ್ಲ. ಭೂಪರಿವರ್ತನೆ ಆಗದ ರೆವಿನ್ಯೂ ಸೈಟಾದರೆ ಖಾತೆಗೆ ಅಲೆದಾಟ, ಬೇಲಿ ಕಾಯುವ ಚಿಂತೆ. ವಾಸಕ್ಕೆ ಒಂದು ಮನೆ ಇದ್ದವರಿಗೆ ಎರಡನೇ ಆಸ್ತಿ ಬೇಗ ನಿವೃತ್ತಿಯನ್ನು ಹತ್ತಿರ ತರುವುದಕ್ಕಿಂತ ದೂರ ತಳ್ಳುವುದೇ ಜಾಸ್ತಿ. ಒಪ್ಪದವರು ಇರಬಹುದು. ನನ್ನ ಅಣ್ಣನೇ ಒಪ್ಪುವುದಿಲ್ಲ.

ಹೆಜ್ಜೆ 7: ಮಾರುಕಟ್ಟೆ ಬಿದ್ದ ದಿನ ಏನು ಮಾಡಬೇಕು ಎಂದು ಈಗಲೇ ಬರೆದಿಡಿ

2008ರ ಜನವರಿಯಲ್ಲಿ ಮುಂಬೈ ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,000 ಮುಟ್ಟಿತ್ತು. ಅದೇ ಅಕ್ಟೋಬರ್‌ನಲ್ಲಿ 9,000ಕ್ಕಿಂತ ಕೆಳಗೆ ಬಂತು. ಹಳೆಯ ಮಟ್ಟ ಮತ್ತೆ ಕಂಡದ್ದು 2010ರ ನವೆಂಬರ್‌ನಲ್ಲಿ. 2020ರ ಜನವರಿಯಲ್ಲಿ 12,400ರ ಹತ್ತಿರ ಇದ್ದ ನಿಫ್ಟಿ, ಕೊರೊನಾ ಬಂದ ಮಾರ್ಚ್‌ನಲ್ಲಿ 7,600ಕ್ಕೆ ಇಳಿಯಿತು. ಆ ವರ್ಷದ ನವೆಂಬರ್‌ಗೆ ಮತ್ತೆ ಮೇಲೆ ಬಂತು. ನಿಮ್ಮ 14 ವರ್ಷದಲ್ಲೂ ಇಂಥದ್ದು ಒಂದೆರಡು ಸಲ ಬಂದೇ ಬರುತ್ತದೆ ಎಂದು ಇಟ್ಟುಕೊಳ್ಳಿ.

ಸಂಬಳ ಬರುವಾಗ ಮಾರುಕಟ್ಟೆ ಬಿದ್ದರೆ ಭಯ ಬೇಡ, ಎಸ್‌ಐಪಿ ನಿಲ್ಲಿಸದಿದ್ದರೆ ಸಾಕು. ಅದೇ ಹಣಕ್ಕೆ ಜಾಸ್ತಿ ಯುನಿಟ್, ಅಂದರೆ ಫಂಡಿನ ಪಾಲು, ಸಿಗುತ್ತವೆ. ನಿಜವಾದ ಅಪಾಯ ಇರುವುದು ಕೆಲಸ ಬಿಟ್ಟ ಮೊದಲ ಐದಾರು ವರ್ಷಗಳಲ್ಲಿ. ಆಗ ಬಿದ್ದ ಬೆಲೆಗೆ ಯುನಿಟ್ ಮಾರಿ ಊಟ ಮಾಡಬೇಕಾಗಿ ಬಂದರೆ, ಮಾರುಕಟ್ಟೆ ಎದ್ದಾಗ ಏಳಲು ನಮ್ಮ ಹತ್ತಿರ ಯುನಿಟ್ಟೇ ಉಳಿದಿರುವುದಿಲ್ಲ. ಅದಕ್ಕಾಗಿಯೇ ಡಬ್ಬಿಗಳು. ಕೆಲಸ ಬಿಡುವ ಎರಡು ಮೂರು ವರ್ಷ ಮೊದಲಿನಿಂದ, ಮಾರುಕಟ್ಟೆ ಚೆನ್ನಾಗಿದ್ದಾಗ ಸ್ವಲ್ಪ ಸ್ವಲ್ಪ ಮಾರಿ ಎರಡು ವರ್ಷದ ಖರ್ಚನ್ನು, ನಮಗೆ ಸುಮಾರು 22 ಲಕ್ಷ, ಎಫ್‌ಡಿಗೆ ತರಬೇಕು. ಇದು ಸಾಸಿವೆ ಡಬ್ಬಿ. ಪಿಎಫ್, ಪಿಪಿಎಫ್‌ನಲ್ಲಿ ಇರುವ 91 ಲಕ್ಷ ಇನ್ನೊಂದು ಎಂಟು ವರ್ಷ ಸಾಗಿಸುತ್ತದೆ. ಹೀಗಿದ್ದರೆ ಟ್ರಂಕಿನಲ್ಲಿರುವ ಷೇರಿಗೆ ಏಳಲು ಸಾಕಷ್ಟು ಕಾಲ ಸಿಗುತ್ತದೆ.

ಹೆಜ್ಜೆ 8: ಜಾಮೀನು ಹಾಕಬೇಡಿ

ನಿಮ್ಮ ಸಾಲ ತೀರಿದ ಸುದ್ದಿ ನೆಂಟರಿಗೆ ತಲುಪುತ್ತದೆ. ಸಿಬಿಲ್ ಅಂಕ ಚೆನ್ನಾಗಿರುವವರ ಸಹಿಗೆ ಬೇಡಿಕೆ ಜಾಸ್ತಿ. ‘ಸುಮ್ನೆ ಒಂದು ಸಹಿ ಅಷ್ಟೇ ಮಾವ’ ಎಂದು ಕೇಳಿಕೊಂಡು ಬರುತ್ತಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಸಾಲ ಪಡೆದವನಷ್ಟೇ ಹೊಣೆ ಜಾಮೀನುದಾರನಿಗೂ ಇರುತ್ತದೆ. ಬ್ಯಾಂಕು ಮೊದಲು ಅವನನ್ನೇ ಕೇಳಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಎಂದೇನೂ ಇಲ್ಲ.

ನೆಂಟರಿಗೆ ಸಹಾಯ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ನಾವು ವರ್ಷಕ್ಕೆ ಇಂತಿಷ್ಟು ಎಂದು ಒಂದು ಮೊತ್ತ ತೆಗೆದಿಡುತ್ತೇವೆ. ಯಾರಾದರೂ ಕೇಳಿದರೆ ಅದರಲ್ಲಿ ಕೊಡುತ್ತೇವೆ, ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕುವುದಿಲ್ಲ. ಸಹಿ ಮಾತ್ರ ಮಾಡುವುದಿಲ್ಲ. ಇದನ್ನು ಹೇಳುವಾಗ ಮೊದಲ ಸಲ ನಾಲಿಗೆ ತಡವರಿಸಿತು. ಎರಡನೇ ಸಲಕ್ಕೆ ಅಭ್ಯಾಸವಾಯಿತು.

ಹೆಜ್ಜೆ 9: ವರ್ಷಕ್ಕೊಂದು ದಿನ ಲೆಕ್ಕ

ಯುಗಾದಿಯ ಮರುದಿನ ನಾವಿಬ್ಬರೂ ಕೂತು ನಾಲ್ಕು ಕೆಲಸ ಮಾಡುತ್ತೇವೆ. ಹಿಂದಿನ ವರ್ಷದ ಖರ್ಚು ಕೂಡುತ್ತೇವೆ. ಎಸ್‌ಐಪಿ ಶೇ 8 ಏರಿಸುತ್ತೇವೆ. ಗಂಟು ಎಲ್ಲಿಗೆ ಬಂತು ಎಂದು ಬರೆಯುತ್ತೇವೆ. ನಾಮಿನಿ ಹೆಸರುಗಳು ಸರಿ ಇವೆಯೇ ನೋಡುತ್ತೇವೆ. ಮದುವೆಗೆ ಮುಂಚೆ ತೆರೆದ ಪಿಎಫ್ ಖಾತೆಯಲ್ಲಿ ಇನ್ನೂ ಅಮ್ಮನ ಹೆಸರೇ ಇದ್ದದ್ದು ಹೀಗೆ ನೋಡುವಾಗಲೇ ಗೊತ್ತಾಯಿತು.

ತೆರಿಗೆಯನ್ನೂ ಆಗಲೇ ಯೋಚಿಸಿ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟ ಷೇರು ಫಂಡಿನ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ಶೇ 12.5. ಈ ವಿನಾಯಿತಿ ಒಬ್ಬೊಬ್ಬರಿಗೆ ಪ್ರತ್ಯೇಕ. ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರ ಹೆಸರಿನಲ್ಲೂ ಫಂಡು ಇರುವುದು ಅದಕ್ಕೇ ಒಳ್ಳೆಯದು. ಕೆಲಸ ಬಿಟ್ಟ ನಂತರ ಪಿಎಫ್ ಖಾತೆಗೆ ಸೇರುವ ಬಡ್ಡಿಗೆ ತೆರಿಗೆ ಇದೆ ಎಂಬುದೂ ನೆನಪಿರಲಿ. ಪಿಎಫ್ ಜೊತೆ ಬರುವ ಪಿಂಚಣಿಗೆ 10 ವರ್ಷದ ಸೇವೆ ಆಗಿರಬೇಕು. 58ಕ್ಕೆ ಪೂರ್ತಿ ಸಿಗುತ್ತದೆ. 50 ದಾಟಿದ ಮೇಲೆ ಬೇಗ ಪಡೆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ, ವರ್ಷಕ್ಕೆ ಶೇ 4ರಂತೆ ಕಡಿತ. ನಾವು 58ರ ತನಕ ಕಾಯುತ್ತೇವೆ.

ಹೆಜ್ಜೆ 10: ಬಿಡುವ ಮುಂಚೆ ಆರು ತಿಂಗಳು ಬದುಕಿ ನೋಡಿ

ಸಂಬಳ ಬರುತ್ತಿರುವಾಗಲೇ ಆರು ತಿಂಗಳು ನಿವೃತ್ತಿಯ ಖರ್ಚಿನಲ್ಲಿ ಬದುಕಿ ನೋಡಿ. ಸಂಬಳ ಪೂರ್ತಿ ಬೇರೆ ಖಾತೆಗೆ ಹೋಗಲಿ, ಸಾಸಿವೆ ಡಬ್ಬಿಯಿಂದ ತಿಂಗಳಿಗೆ ಒಮ್ಮೆ ಮಾತ್ರ ಹಣ ತೆಗೆಯಿರಿ. ಕಷ್ಟವಾದರೆ ಲೆಕ್ಕ ತಿದ್ದಲು ಇನ್ನೂ ಕಾಲ ಇದೆ. ಸಾಧ್ಯವಾದರೆ ಒಂದು ತಿಂಗಳು ರಜೆ ಹಾಕಿ ಮನೆಯಲ್ಲಿರಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುತ್ತೀರಿ ಎಂದು ಆಗ ಗೊತ್ತಾಗುತ್ತದೆ. ಹಣ ಸಾಕಷ್ಟಿದ್ದರೂ ಈ ಪ್ರಶ್ನೆಗೆ ಉತ್ತರ ಸಿಗದೆ ಮತ್ತೆ ಕೆಲಸಕ್ಕೆ ಹೋದವರಿದ್ದಾರೆ.

ಕೊನೆಯದಾಗಿ ಒಂದು ಫೈಲು ಮಾಡಿ. ಬಾಕಿ ಇಲ್ಲ ಎನ್ನುವ ಪತ್ರ, ಮನೆಯ ಮೂಲ ದಾಖಲೆ, ಇಸಿ, ಪಾಲಿಸಿಗಳು, ಫಂಡುಗಳ ಪಟ್ಟಿ, ಉಯಿಲು ಎಲ್ಲ ಒಂದೇ ಕಡೆ ಇರಲಿ. ನಮ್ಮದು ಬೀರುವಿನ ಮೇಲಿನ ಅರೆಯಲ್ಲಿದೆ, ನೀಲಿ ಫೈಲು. ಬೀಗದ ಕೈ ಎಲ್ಲಿದೆ ಎಂದು ಮಗಳಿಗೂ ತೋರಿಸಿದ್ದೇವೆ.